ಕ್ರೂಸ್ ಹಡಗಿನ ಹಿಂಬದಿ: ಪ್ರಯಾಣಿಕರ ಕಣ್ಣಿಗೆ ಬೀಳದ ಅರ್ಧ ಹಡಗು ನಡೆಯುವ ಬಗೆ

ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು ಮುಂಬೈ ಬಂದರಿನಲ್ಲಿ ‘ಕ್ರೂಸ್ ಭಾರತ್ ಮಿಷನ್’ಗೆ ಚಾಲನೆ ನೀಡಿ, ಐದು ವರ್ಷಗಳಲ್ಲಿ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿಯನ್ನು ಮುಂದಿಟ್ಟಿದೆ. ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಹೋಗಿಬರುವ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು 2021ರಿಂದ ಓಡಾಡುತ್ತಿದೆ. ನವಮಂಗಳೂರು ಬಂದರಿಗಂತೂ ಮಳೆಗಾಲ ಮುಗಿದ ಮೇಲೆ ವಿದೇಶಿ ಪ್ರವಾಸಿ ಹಡಗುಗಳು ಬಂದು ನಿಲ್ಲುವುದು, ಅವುಗಳಿಂದ ಇಳಿದವರು ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್‌ಗಳನ್ನು ನೋಡಿ ಸಂಜೆಗೆ ಮರಳುವುದು ವರ್ಷ ವರ್ಷವೂ ನಡೆದು ಬಂದ ಪದ್ಧತಿ. ಹೀಗಾಗಿ ಹಡಗಿನಲ್ಲಿ ರಜೆ ಕಳೆಯುವ ಮಾತು ಈಗ ಸಾಮಾನ್ಯ ಮನೆಗಳಲ್ಲೂ ಕೇಳಿಬರುತ್ತಿದೆ.

ಹಡಗಿನ ಜಾಹೀರಾತುಗಳಲ್ಲಿ ಈಜುಕೊಳ, ರಂಗಮಂದಿರ, ಸಾಲುಸಾಲು ಹೋಟೆಲುಗಳು ಕಾಣುತ್ತವೆ. ಅವನ್ನು ನೋಡಿದ ಯಾರಿಗಾದರೂ ಮೂಡುವ ಪ್ರಶ್ನೆಗಳು ಬಹಳ ಸರಳವಾದವು. ನಡುಸಮುದ್ರದಲ್ಲಿ ಇಷ್ಟು ಜನಕ್ಕೆ ಕರೆಂಟು ಎಲ್ಲಿಂದ ಬರುತ್ತದೆ? ಸ್ನಾನದ ನೀರು ಯಾವುದು? ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಒಂದೇ ಹೊತ್ತಿಗೆ ಸಾವಿರಾರು ಜನರಿಗೆ ಬಿಸಿ ಊಟ ಬಡಿಸುವುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಕಣ್ಣಾರೆ ತೋರಿಸುವ ವ್ಯವಸ್ಥೆಯೊಂದನ್ನು ಹಲವು ಕಂಪನಿಗಳು ಮಾಡಿಕೊಂಡಿವೆ. ಪ್ರತ್ಯೇಕ ಶುಲ್ಕ ಕೊಟ್ಟ ಕೆಲವೇ ಪ್ರಯಾಣಿಕರನ್ನು ಸಿಬ್ಬಂದಿಗಷ್ಟೇ ಮೀಸಲಾದ ಜಾಗಗಳಿಗೆ ಕರೆದೊಯ್ಯುವ ತೆರೆಮರೆಯ ಪ್ರವಾಸ ಅದು. ಆ ಪ್ರವಾಸದ ಹಾದಿಯನ್ನೇ ಹಿಡಿದು, ಹಡಗಿನ ಒಳಗಿನ ವ್ಯವಸ್ಥೆಯನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಹಡಗು, ಎಷ್ಟು ದೊಡ್ಡದು?

ಉದಾಹರಣೆಗೆ ರಾಯಲ್ ಕೆರೀಬಿಯನ್ ಕಂಪನಿಯ ‘ಓಯಸಿಸ್ ಆಫ್ ದಿ ಸೀಸ್’ ಹಡಗನ್ನು ತೆಗೆದುಕೊಳ್ಳೋಣ. ಫಿನ್ಲೆಂಡಿನ ಟುರ್ಕು ನಗರದಲ್ಲಿ ಕಟ್ಟಿದ ಈ ಹಡಗು 2009ರಲ್ಲಿ ಅಮೆರಿಕದ ಫ್ಲೋರಿಡಾದಿಂದ ಕೆರೀಬಿಯನ್ ದ್ವೀಪಗಳ ಕಡೆಗೆ ಸಂಚಾರ ಆರಂಭಿಸಿದಾಗ ಜಗತ್ತಿನ ಅತಿ ದೊಡ್ಡ ಪ್ರವಾಸಿ ಹಡಗಾಗಿತ್ತು. ಉದ್ದ ಸುಮಾರು 360 ಮೀಟರ್. ಒಂದು ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,400 ಪ್ರಯಾಣಿಕರು, ಅವರ ಸೇವೆಗೆ ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಇದಾದ ಮೇಲೆ ಇನ್ನೂ ದೊಡ್ಡವು ಬಂದಿವೆ. ಅದೇ ಕಂಪನಿಯ ‘ಐಕಾನ್ ಆಫ್ ದಿ ಸೀಸ್’ 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟಿತು. ಒಳಗಿನ ವ್ಯವಸ್ಥೆಯ ತತ್ತ್ವ ಮಾತ್ರ ಹೆಚ್ಚುಕಡಿಮೆ ಒಂದೇ.

ಇಂತಹ ಹಡಗುಗಳ ಗಾತ್ರವನ್ನು ಹೇಳುವಾಗ ‘ಗ್ರಾಸ್ ಟನ್’ ಎಂಬ ಅಳತೆ ಬರುತ್ತದೆ. ಓಯಸಿಸ್ ಕಟ್ಟಿದಾಗ ಅದು 2,25,282 ಗ್ರಾಸ್ ಟನ್‌ನ ಹಡಗು. ಇದನ್ನು ಹಡಗಿನ ತೂಕವೆಂದು ಪತ್ರಿಕೆಗಳು ಬರೆಯುವುದುಂಟು. ಆದರೆ ಇದು ತೂಕವಲ್ಲ, ಹಡಗಿನ ಒಳಗಿನ ಮುಚ್ಚಿದ ಜಾಗದ ಒಟ್ಟು ಗಾತ್ರದಿಂದ ಲೆಕ್ಕ ಹಾಕಿ ಪಡೆಯುವ ಸಂಖ್ಯೆ. ಈ ಜಾಗದಲ್ಲಿ ಪ್ರಯಾಣಿಕರಿಗೆ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವ ದೊಡ್ಡ ಪಾಲು ಯಂತ್ರಗಳು, ಟ್ಯಾಂಕುಗಳು, ಉಗ್ರಾಣಗಳು, ಅಡುಗೆಮನೆಗಳು ಮತ್ತು ಸಿಬ್ಬಂದಿಯ ವಾಸಕ್ಕೆ ಸೇರಿದ್ದು.

ಐ-95 ಎಂಬ ಒಳದಾರಿ

ಪ್ರಯಾಣಿಕರು ಓಡಾಡುವ ಕಾರಿಡಾರಿನಲ್ಲಿ ‘ಸಿಬ್ಬಂದಿಗೆ ಮಾತ್ರ’ ಎಂದು ಬರೆದಿರುವ ಬಾಗಿಲನ್ನು ದಾಟಿದೊಡನೆ ನೆಲಹಾಸು ಕೊನೆಗೊಂಡು, ಬಣ್ಣ ಬಳಿದ ಉಕ್ಕಿನ ನೆಲ ಆರಂಭವಾಗುತ್ತದೆ. ಸೂರು ಇರಬೇಕಾದಲ್ಲಿ ಕೇಬಲ್ಲುಗಳೂ ಪೈಪುಗಳೂ ಹರಡಿಕೊಂಡಿದ್ದು, ಪ್ರತಿ ಪೈಪಿನ ಮೇಲೂ ಒಳಗೆ ಹರಿಯುವುದೇನೆಂದು ತಿಳಿಸುವ ಬಣ್ಣದ ಪಟ್ಟಿ ಅಂಟಿಸಿರುತ್ತದೆ. ಗೋಡೆಯ ಮೇಲೆ ಕೆಲಸದ ಪಾಳಿಯ ಪಟ್ಟಿ, ಸುರಕ್ಷತೆಯ ಸೂಚನೆ, ಸಿಬ್ಬಂದಿಯ ಕ್ರಿಕೆಟ್ ಅಥವಾ ಬಿಂಗೋ ಆಟದ ಪ್ರಕಟಣೆಗಳೂ ಕಾಣಬಹುದು.

ಕೆಳಗಿನ ಡೆಕ್ಕೊಂದರಲ್ಲಿ ಹಡಗಿನ ಮುಂತುದಿಯಿಂದ ಹಿಂತುದಿಯವರೆಗೆ ಬಹುತೇಕ ನೇರವಾಗಿ ಸಾಗುವ ಅಗಲವಾದ ದಾರಿಯೊಂದಿದೆ. ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಹಾದುಹೋಗುವ ಹೆದ್ದಾರಿಯ ಹೆಸರನ್ನೇ ಇಟ್ಟು ಸಿಬ್ಬಂದಿ ಅದನ್ನು ‘ಐ-95’ ಎನ್ನುತ್ತಾರೆ. ಬ್ರಿಟಿಷ್ ಸಂಪ್ರದಾಯದ ಹಡಗುಗಳಲ್ಲಿ ಇದಕ್ಕೆ ‘ಬರ್ಮಾ ರೋಡ್’ ಎನ್ನುವ ರೂಢಿಯಿದೆ. ಉಗ್ರಾಣ, ಲಾಂಡ್ರಿ, ಕಸದ ಕೋಣೆ, ಸಿಬ್ಬಂದಿಯ ಊಟದ ಮೆಸ್, ತರಬೇತಿ ಕೋಣೆ, ವೇತನದ ಕಚೇರಿ ಎಲ್ಲಕ್ಕೂ ಈ ದಾರಿಯೇ ಸಂಪರ್ಕ. ಮೇಲಿನ ಡೆಕ್ಕುಗಳಿಗೆ ಸಾಮಾನು ಒಯ್ಯುವ ಲಿಫ್ಟುಗಳು ಇಲ್ಲಿಂದಲೇ ಏರುತ್ತವೆ. ಹತ್ತನೇ ಡೆಕ್ಕಿನ ಕೋಣೆಗೆ ಮಂಚದ ಹಾಸು ಬಂದದ್ದಾಗಲಿ, ಅಲ್ಲಿಂದ ಕಸ ಹೋದದ್ದಾಗಲಿ ಪ್ರಯಾಣಿಕರಿಗೆ ತಿಳಿಯದಿರುವುದಕ್ಕೆ ಕಾರಣ, ಜನರ ದಾರಿಗೂ ಸರಕಿನ ದಾರಿಗೂ ಹಡಗಿನ ನಕ್ಷೆಯಲ್ಲಿಯೇ ಬೇರೆ ಬೇರೆ ಜಾಗ ಕೊಟ್ಟಿರುವುದು.

ಹಡಗಿನ ಪೂರ್ತಿ ಉದ್ದಕ್ಕೂ ಬೆಂಕಿ ತಡೆಯುವ ಅಡ್ಡಗೋಡೆಗಳಿವೆ. ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರಯಾಣಿಕರ ಹಡಗನ್ನು ಉದ್ದಕ್ಕೆ ಸಾಮಾನ್ಯವಾಗಿ 40 ಮೀಟರಿಗೊಂದರಂತೆ, ಹೆಚ್ಚೆಂದರೆ 48 ಮೀಟರಿಗೊಂದರಂತೆ, ಬೆಂಕಿ ದಾಟದ ಭಾಗಗಳಾಗಿ ವಿಂಗಡಿಸಬೇಕು. ಟೈಟಾನಿಕ್ ಮುಳುಗಿದ ಬಳಿಕ 1914ರಲ್ಲಿ ಮೊದಲು ರೂಪುಗೊಂಡ ಈ ಒಪ್ಪಂದದ ಇಂದಿನ ರೂಪ 1974ರದು. ಐ-95ರಲ್ಲಿ ನಡೆಯುವಾಗ ಅಲ್ಲಲ್ಲಿ ಎದುರಾಗುವ ದಪ್ಪ ಉಕ್ಕಿನ ಬಾಗಿಲುಗಳು ಈ ವಿಭಾಗಗಳ ಗಡಿಗಳು. ಹಡಗಿನವರು ನೀರಿಗಿಂತ ಬೆಂಕಿಗೇ ಹೆಚ್ಚು ಹೆದರುತ್ತಾರೆ. 1990ರ ಏಪ್ರಿಲ್‌ನಲ್ಲಿ ‘ಸ್ಕ್ಯಾಂಡಿನೇವಿಯನ್ ಸ್ಟಾರ್’ ಹಡಗಿಗೆ ಬೆಂಕಿ ಬಿದ್ದು 159 ಜನ ಸತ್ತ ಮೇಲೆ ಪ್ರಯಾಣಿಕ ಹಡಗುಗಳ ಬೆಂಕಿ ಸುರಕ್ಷತೆಯ ನಿಯಮಗಳು ಬಿಗಿಯಾದವು.

ಎಲ್ಲಕ್ಕೂ ಮೂಲ: ವಿದ್ಯುತ್

ಪ್ರವಾಸದಲ್ಲಿ ಎಂಜಿನ್‌ಗಳ ಪಕ್ಕಕ್ಕೆ ಯಾರನ್ನೂ ಬಿಡುವುದಿಲ್ಲ. ಶಬ್ದ, ಸೆಕೆ, ಅಪಾಯ ಮೂರೂ ಅಲ್ಲಿ ಹೆಚ್ಚು. ಎಂಜಿನ್ ಕಂಟ್ರೋಲ್ ರೂಮ್ ಎಂಬ ತಣ್ಣನೆಯ, ಪರದೆಗಳಿಂದ ತುಂಬಿದ ಕೋಣೆಯನ್ನಷ್ಟೇ ತೋರಿಸುತ್ತಾರೆ. ಆದರೂ ಇಡೀ ಹಡಗನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಸರಿಯಾದ ಜಾಗ ಇಲ್ಲ.

ಹಳೆಯ ಹಡಗುಗಳಲ್ಲಿ ಎಂಜಿನ್ ತಿರುಗಿದರೆ ಅದಕ್ಕೆ ಜೋಡಿಸಿದ ಉದ್ದನೆಯ ದಂಡ ತಿರುಗಿ, ದಂಡದ ತುದಿಯ ಪ್ರೊಪೆಲ್ಲರ್ ನೀರನ್ನು ತಳ್ಳುತ್ತಿತ್ತು. ಇಂದಿನ ದೊಡ್ಡ ಪ್ರವಾಸಿ ಹಡಗುಗಳಲ್ಲಿ ಎಂಜಿನ್‌ಗೂ ಪ್ರೊಪೆಲ್ಲರ್‌ಗೂ ನೇರ ಸಂಬಂಧವೇ ಇಲ್ಲ. ಎಂಜಿನ್‌ಗಳು ಜನರೇಟರ್‌ಗಳನ್ನು ತಿರುಗಿಸಿ ವಿದ್ಯುತ್ ಉತ್ಪಾದಿಸುತ್ತವೆ. ಆ ವಿದ್ಯುತ್ತೇ ಪ್ರೊಪೆಲ್ಲರ್ ತಿರುಗಿಸುವ ಮೋಟರಿಗೂ ಕೋಣೆಯ ದೀಪಕ್ಕೂ ಹೋಗುತ್ತದೆ. ಇದಕ್ಕೆ ಡೀಸೆಲ್-ಎಲೆಕ್ಟ್ರಿಕ್ ಪದ್ಧತಿ ಎಂದು ಹೆಸರು. ಓಯಸಿಸ್‌ನಲ್ಲಿ ವಾರ್ಟ್‌ಸಿಲಾ ಕಂಪನಿಯ ಆರು ಎಂಜಿನ್‌ಗಳಿದ್ದು, ಒಟ್ಟು ಸಾಮರ್ಥ್ಯ ಸುಮಾರು 97 ಮೆಗಾವ್ಯಾಟ್. ಪ್ರೊಪೆಲ್ಲರ್‌ಗಳು ಮೂರು, ಪ್ರತಿಯೊಂದೂ 20 ಮೆಗಾವ್ಯಾಟಿನದು. ಇವು ‘ಅಜಿಪಾಡ್’ ಎಂಬ ಬಗೆಯವು: ಮೋಟರನ್ನು ಹಡಗಿನ ಹೊಟ್ಟೆಯೊಳಗೆ ಇಡದೆ, ಹಿಂಭಾಗದ ತಳದಲ್ಲಿ ನೀರಿನೊಳಗೆ ತೂಗುಬಿಟ್ಟ ಕೊಳವೆಯಾಕಾರದ ಕವಚದಲ್ಲಿಟ್ಟು, ಕವಚವನ್ನೇ ಬೇಕಾದ ದಿಕ್ಕಿಗೆ ತಿರುಗಿಸುವ ಏರ್ಪಾಡು. ಹಾಗಾಗಿ ಚುಕ್ಕಾಣಿಯ ಹಲಗೆ ಬೇರೆಯಾಗಿ ಬೇಡ.

ಎಂಜಿನ್‌ಗಳು ಆರಿದ್ದರೂ ಆರೂ ಒಟ್ಟಿಗೆ ಓಡುವುದು ಅಪರೂಪ. ಬಂದರಿನಲ್ಲಿ ನಿಂತಾಗ ದೀಪ, ಹವಾನಿಯಂತ್ರಣ, ಅಡುಗೆಮನೆಗಳಿಗೆ ಬೇಕಾದಷ್ಟು ಸಾಕು. ಕಡಲಿಗಿಳಿದ ಮೇಲೆ ವೇಗಕ್ಕೆ ತಕ್ಕಂತೆ ಒಂದೊಂದಾಗಿ ಸೇರಿಸುತ್ತಾರೆ. ವೇಗದ ಲೆಕ್ಕ ಇಲ್ಲಿ ವಿಚಿತ್ರವಾದದ್ದು. ನೀರಿನ ತಡೆ ಹೆಚ್ಚುವ ರೀತಿಯಿಂದಾಗಿ ಬೇಕಾಗುವ ಶಕ್ತಿಯು ಸುಮಾರಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು 20 ನಾಟ್‌ನಿಂದ 22ಕ್ಕೆ, ಅಂದರೆ ಗಂಟೆಗೆ 37 ಕಿಲೋಮೀಟರಿನಿಂದ 41ಕ್ಕೆ ಏರಿಸಬೇಕಾದರೆ ಶಕ್ತಿಯನ್ನು ಮೂರನೇ ಒಂದು ಪಾಲಿನಷ್ಟು ಹೆಚ್ಚಿಸಬೇಕು. ಪ್ರವಾಸಿ ಹಡಗುಗಳು ರಾತ್ರಿಯಿಡೀ ನಿಧಾನವಾಗಿ ಸಾಗಿ ಬೆಳಗ್ಗೆ ಬಂದರು ಸೇರುವಂತೆ ವೇಳಾಪಟ್ಟಿ ಮಾಡುವುದರ ಹಿಂದೆ ಇಂಧನದ ಈ ಲೆಕ್ಕವೂ ಇದೆ.

ವಿದ್ಯುತ್ ನಿಂತರೆ ಏನಾಗುತ್ತದೆ ಎಂಬುದಕ್ಕೆ 2013ರ ಫೆಬ್ರವರಿಯ ‘ಕಾರ್ನಿವಲ್ ಟ್ರಯಂಫ್’ ಪ್ರಕರಣ ಸಾಕ್ಷಿ. ಮೆಕ್ಸಿಕೊ ಕೊಲ್ಲಿಯಲ್ಲಿದ್ದ ಆ ಹಡಗಿನ ಒಂದು ಎಂಜಿನ್‌ಗೆ ಸೇರಿದ ಕೊಳವೆಯಿಂದ ಇಂಧನ ಸೋರಿ ಬೆಂಕಿ ಹೊತ್ತಿಕೊಂಡಿತು. ಬೆಂಕಿಯನ್ನು ಬೇಗನೆ ಆರಿಸಲಾಯಿತು, ಯಾರೂ ಸಾಯಲಿಲ್ಲ. ಆದರೆ ವಿದ್ಯುತ್ ಕೇಬಲ್ಲುಗಳು ಸುಟ್ಟು ಹಡಗು ನಿಶ್ಚಲವಾಯಿತು. ಒಳಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಹವಾನಿಯಂತ್ರಣ ನಿಂತಿತು, ಅಡುಗೆ ನಿಂತಿತು, ಶೌಚಾಲಯಗಳು ಕೂಡ ನಿಂತವು. ಜಗ್ಗುದೋಣಿಗಳು ಅದನ್ನು ಅಲಬಾಮಾದ ಮೊಬೀಲ್ ಬಂದರಿಗೆ ಎಳೆದು ತರುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಅಷ್ಟರೊಳಗೆ ಹೊಸ ನಿಯಮವೊಂದು ಜಾರಿಗೆ ಬಂದಿತ್ತು. ಆದರೆ ಅದು 2010ರ ಜುಲೈ 1ರಿಂದ ಈಚೆಗೆ ಕಟ್ಟಲು ತೊಡಗಿದ ದೊಡ್ಡ ಹಡಗುಗಳಿಗೆ ಮಾತ್ರ ಅನ್ವಯ, ಟ್ರಯಂಫ್ ಅದಕ್ಕಿಂತ ಹಳೆಯದು. ಒಂದು ಭಾಗ ಬೆಂಕಿಗೆ ಅಥವಾ ನೀರಿಗೆ ತುತ್ತಾದರೂ ಉಳಿದ ಭಾಗದ ಶಕ್ತಿಯಿಂದ ಹಡಗು ಬಂದರಿಗೆ ಮರಳುವಂತಿರಬೇಕು ಎಂಬುದು ಆ ನಿಯಮದ ಸಾರ. ದೊಡ್ಡ ಹಡಗುಗಳಲ್ಲಿ ಎಂಜಿನ್‌ಗಳನ್ನು ಎರಡು ಪ್ರತ್ಯೇಕ ಕೋಣೆಗಳಿಗೆ ಹಂಚುವುದಕ್ಕೆ ಇದೇ ಕಾರಣ.

ನೀರು: ಉಪ್ಪಿನಿಂದ ಸಿಹಿಗೆ

ಟ್ರಯಂಫ್‌ನ ಶೌಚಾಲಯಗಳು ಕರೆಂಟಿಲ್ಲದೆ ನಿಂತದ್ದೇಕೆ? ಹಡಗಿನಲ್ಲಿ ನೀರು ಸುರಿದು ತೊಳೆಯುವ ಪದ್ಧತಿಯಿಲ್ಲ. ಪೈಪುಗಳೊಳಗಿನ ಗಾಳಿಯನ್ನು ಪಂಪುಗಳು ಹೊರಗೆಳೆದು ನಿರ್ವಾತ ಉಂಟುಮಾಡಿರುತ್ತವೆ. ಗುಂಡಿ ಒತ್ತಿದಾಗ ‘ಭರ್’ ಎಂಬ ಸದ್ದಿನೊಂದಿಗೆ ಎಲ್ಲವನ್ನೂ ಒಳಗೆ ಎಳೆದುಕೊಳ್ಳುವುದು ಈ ನಿರ್ವಾತ. ಒಂದು ಸಲಕ್ಕೆ ಸುಮಾರು ಒಂದು ಲೀಟರ್ ನೀರಷ್ಟೇ ಸಾಕಾಗುತ್ತದೆ. ಪಂಪು ನಿಂತರೆ ಎಲ್ಲವೂ ನಿಂತಿತು.

ನೀರನ್ನು ಇಷ್ಟು ಹಿಡಿದು ಬಳಸಲು ಕಾರಣ, ಅದರ ಬಹುಪಾಲನ್ನು ಹಡಗಿನಲ್ಲಿಯೇ ತಯಾರಿಸಬೇಕು. ಓಯಸಿಸ್‌ನಂತಹ ಹಡಗಿಗೆ ದಿನಕ್ಕೆ ಎರಡು ಸಾವಿರ ಟನ್ನಿನಷ್ಟು ಸಿಹಿನೀರು ಬೇಕು. ತಯಾರಿಸುವ ವಿಧಾನ ಎರಡು. ಒಂದರಲ್ಲಿ, ಎಂಜಿನ್‌ಗಳನ್ನು ತಂಪಾಗಿಸಿ ಬಿಸಿಯಾದ ನೀರಿನ ಶಾಖದಿಂದಲೇ ಸಮುದ್ರದ ನೀರನ್ನು ಕಾಯಿಸುತ್ತಾರೆ. ಒತ್ತಡ ಕಡಿಮೆ ಮಾಡಿದ ಪಾತ್ರೆಯಲ್ಲಿ ನೀರು ನೂರು ಡಿಗ್ರಿಗಿಂತ ಬಹಳ ಕೆಳಗೇ ಆವಿಯಾಗುತ್ತದೆ, ಆವಿಯನ್ನು ತಣಿಸಿದರೆ ಉಪ್ಪಿಲ್ಲದ ನೀರು ಸಿಗುತ್ತದೆ. ಹೇಗೂ ವ್ಯರ್ಥವಾಗುವ ಶಾಖ ಇಲ್ಲಿ ಕೆಲಸಕ್ಕೆ ಬರುವುದರಿಂದ ಖರ್ಚು ಕಡಿಮೆ. ಇನ್ನೊಂದು, ಮನೆಗಳಲ್ಲಿ ಆರ್‌ಒ ಎಂದು ಪರಿಚಿತವಾಗಿರುವ ವಿಧಾನದ ದೊಡ್ಡ ರೂಪ: ಭಾರಿ ಒತ್ತಡದಲ್ಲಿ ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವುದು. ಹೀಗೆ ಬಂದ ನೀರಿಗೆ ರುಚಿಗೂ ಪೈಪುಗಳ ಬಾಳಿಕೆಗೂ ಬೇಕಾದ ಖನಿಜಗಳನ್ನು ಸೇರಿಸಿ, ಕ್ಲೋರಿನ್ ಬೆರೆಸಿ ಟ್ಯಾಂಕಿಗೆ ಬಿಡುತ್ತಾರೆ. ಬಂದರಿನ ಕಲುಷಿತ ನೀರನ್ನು ಇದಕ್ಕೆ ಬಳಸುವಂತಿಲ್ಲವಾದ್ದರಿಂದ ತಯಾರಿಕೆಯೆಲ್ಲ ನಡೆಯುವುದು ಕಡಲಿಗಿಳಿದ ಮೇಲೆಯೇ.

ಅಡುಗೆಮನೆ: ಎರಡು ಪಂಕ್ತಿಯ ಊಟ

ಹಡಗಿನ ಅಡುಗೆಮನೆಗೆ ‘ಗ್ಯಾಲಿ’ ಎನ್ನುತ್ತಾರೆ. ಓಯಸಿಸ್ ಗಾತ್ರದ ಹಡಗಿನಲ್ಲಿ ಗ್ಯಾಲಿ ಒಂದಲ್ಲ, ಹಲವು. ಮುಖ್ಯ ಊಟದ ಮನೆಯಲ್ಲಿ ಸಂಜೆ ಮೊದಲ ಪಂಕ್ತಿ ಎದ್ದ ಮೇಲೆ ರಾತ್ರಿ ಎರಡನೇ ಪಂಕ್ತಿ ಕೂರುತ್ತದೆ. ನಮ್ಮ ಮದುವೆ ಮನೆಯ ಅಡುಗೆಯವರಿಗೆ ಈ ಲೆಕ್ಕ ಹೊಸದಲ್ಲ: ಎಷ್ಟು ಎಲೆ ಬೀಳಬಹುದು, ಯಾವುದು ಮೊದಲು ಖಾಲಿಯಾಗಬಹುದು ಎಂಬ ಅಂದಾಜಿನ ಮೇಲೆಯೇ ಒಲೆ ಹೊತ್ತಿಸಬೇಕು. ವ್ಯತ್ಯಾಸವೆಂದರೆ ಮದುವೆ ಮನೆಯಲ್ಲಿ ಸಕ್ಕರೆ ಕಡಿಮೆ ಬಿದ್ದರೆ ಹುಡುಗನೊಬ್ಬನನ್ನು ಅಂಗಡಿಗೆ ಓಡಿಸಬಹುದು, ಹಡಗಿನಲ್ಲಿ ಅಂಗಡಿಯಿಲ್ಲ.

ಆದ್ದರಿಂದ ಅಡುಗೆಯ ಕಥೆ ಉಗ್ರಾಣದಿಂದಲೇ ಶುರುವಾಗಬೇಕು. ವಾರಕ್ಕೊಮ್ಮೆ, ಹಳೆಯ ಪ್ರಯಾಣಿಕರು ಇಳಿದು ಹೊಸಬರು ಹತ್ತುವ ದಿನ, ಹಡಗಿನ ಪಕ್ಕದ ಉಕ್ಕಿನ ಬಾಗಿಲುಗಳನ್ನು ತೆರೆದು ಫೋರ್ಕ್‌ಲಿಫ್ಟ್‌ಗಳಿಂದ ಸಾಮಾನು ಒಳತರುತ್ತಾರೆ. ಬೆಳಗ್ಗೆ ಬಂದರು ಸೇರಿದ ಹಡಗು ಸಂಜೆಗೆ ಮತ್ತೆ ಹೊರಡಬೇಕಾದ್ದರಿಂದ ಇಡೀ ವಾರದ ದವಸ, ತರಕಾರಿ, ಮಾಂಸ, ಹಾಲು, ಹಣ್ಣು, ಹೂವು ಎಲ್ಲವೂ ಕೆಲವೇ ಗಂಟೆಗಳಲ್ಲಿ ಐ-95ರ ಮೂಲಕ ಹಾದು ತಮ್ಮ ತಮ್ಮ ಕೋಣೆ ಸೇರಬೇಕು. ರಟ್ಟಿನ ಪೆಟ್ಟಿಗೆಗಳ ಮಡಿಕೆಗಳಲ್ಲಿ ಜಿರಳೆ ಸೇರಿಕೊಂಡು ಬರುವ ಭಯವಿರುವುದರಿಂದ ಹಲವು ಹಡಗುಗಳಲ್ಲಿ ಪೆಟ್ಟಿಗೆಯನ್ನು ಬಾಗಿಲ ಬಳಿಯೇ ಒಡೆದು, ಒಳಗಿನದ್ದನ್ನು ಪ್ಲಾಸ್ಟಿಕ್ ಕ್ರೇಟುಗಳಿಗೆ ಸುರಿದು ಮುಂದೆ ಕಳಿಸುತ್ತಾರೆ. ಮೀನಿಗೆ, ಕೋಳಿಗೆ, ಮಾಂಸಕ್ಕೆ, ಹಾಲಿನ ಪದಾರ್ಥಗಳಿಗೆ, ಸೊಪ್ಪು-ತರಕಾರಿಗೆ ಬೇರೆ ಬೇರೆ ಶೀತಕೋಣೆಗಳಿವೆ. ಹೆಪ್ಪುಗಟ್ಟಿದ ಮಾಂಸವನ್ನು ನಿಧಾನವಾಗಿ ಕರಗಿಸಲು ಇನ್ನೊಂದು ಕೋಣೆ. ಗುರುವಾರ ಬಡಿಸುವುದನ್ನು ಮಂಗಳವಾರವೇ ಅಲ್ಲಿಗೆ ತಂದಿಡಬೇಕಾಗುತ್ತದೆ.

ಗ್ಯಾಲಿಯನ್ನು ಹತ್ತಿರದಿಂದ ನೋಡಿದರೆ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಬೆಂಕಿಯ ಭಯದಿಂದಾಗಿ ಒಲೆಗಳೆಲ್ಲ ವಿದ್ಯುತ್ತಿನವು, ಗ್ಯಾಸಿನ ನೀಲಿ ಜ್ವಾಲೆ ಎಲ್ಲಿಯೂ ಇಲ್ಲ. ಹಡಗು ಓಲಾಡಿದಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ತಟ್ಟೆಯ ಯಾವ ಮೂಲೆಯಲ್ಲಿ ಯಾವುದನ್ನು ಇಡಬೇಕೆಂದು ತೋರಿಸುವ ಬಣ್ಣದ ಫೋಟೋವನ್ನು ಬಡಿಸುವ ಕಟ್ಟೆಯ ಮೇಲೆ ಅಂಟಿಸಿರುತ್ತಾರೆ. ಮುನ್ನೂರನೇ ತಟ್ಟೆಯೂ ಮೊದಲನೆಯದರ ಹಾಗೆಯೇ ಇರಬೇಕಲ್ಲ. ಹಸಿ ಮಾಂಸಕ್ಕೆ ಒಂದು ಬಣ್ಣದ ಹಲಗೆ, ತರಕಾರಿಗೆ ಇನ್ನೊಂದು ಬಣ್ಣದ್ದು. ಇವತ್ತಿನ ಊಟಕ್ಕೆ ಯಾವುದನ್ನು ಎಷ್ಟು ಮಾಡಬೇಕೆಂಬುದನ್ನು ಹಿಂದಿನ ಸಂಚಾರಗಳ ದಾಖಲೆ, ಪ್ರಯಾಣಿಕರು ಯಾವ ಯಾವ ದೇಶದವರು, ಹೊರಗಿನ ಹವೆ ಹೇಗಿದೆ ಎಂಬುದನ್ನೆಲ್ಲ ನೋಡಿ ನಿರ್ಧರಿಸುತ್ತಾರೆ. ಭಾರತದ ಪ್ರಯಾಣಿಕರೇ ಹೆಚ್ಚಿರುವ ಕಾರ್ಡೆಲಿಯಾದಂತಹ ಹಡಗಿನಲ್ಲಿ ಜೈನ ಊಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಶುಚಿತ್ವದ ಬಗ್ಗೆ ಹಡಗಿನವರು ಇಷ್ಟು ಕಟ್ಟುನಿಟ್ಟು ಏಕೆಂದರೆ, ಮುಚ್ಚಿದ ಜಾಗದಲ್ಲಿ ವಾಂತಿಭೇದಿ ತರುವ ನೊರೊವೈರಸ್‌ನಂತಹ ಸೋಂಕು ಒಬ್ಬರಿಂದ ನೂರು ಜನಕ್ಕೆ ಹರಡಲು ಹೆಚ್ಚು ಹೊತ್ತು ಬೇಡ. ಅಮೆರಿಕದ ಬಂದರುಗಳಿಗೆ ಬರುವ ಪ್ರವಾಸಿ ಹಡಗುಗಳಿಗಾಗಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯು 1970ರ ದಶಕದಿಂದಲೇ ತಪಾಸಣೆಯ ವ್ಯವಸ್ಥೆ ನಡೆಸಿಕೊಂಡು ಬಂದಿದೆ. ತಪಾಸಣೆಗಾರರು ಮುನ್ಸೂಚನೆಯಿಲ್ಲದೆ ಹಡಗು ಹತ್ತಿ, ನೂರು ಅಂಕಗಳಿಂದ ಆರಂಭಿಸಿ ಒಂದೊಂದು ಲೋಪಕ್ಕೂ ಅಂಕ ಕಳೆಯುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಪಾಸು, ಫಲಿತಾಂಶವನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತಾರೆ. ಆ ನಿಯಮಾವಳಿಯ ಪ್ರಕಾರ ತಣ್ಣಗಿಡಬೇಕಾದ ಆಹಾರ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು, ಬಿಸಿಯಾಗಿಡಬೇಕಾದದ್ದು 57 ಡಿಗ್ರಿಗಿಂತ ಕೆಳಗಿಳಿಯಬಾರದು. ಇವೆರಡರ ನಡುವಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗನೆ ಹೆಚ್ಚುತ್ತವೆ. ಗ್ಯಾಲಿಯ ಬಾಗಿಲಲ್ಲಿಯೇ ಪ್ರವಾಸದ ಗುಂಪಿಗೂ ಕೈ ತೊಳೆಸಿ ಒಳಬಿಡುತ್ತಾರೆ.

ಲಾಂಡ್ರಿ

ತೆರೆಮರೆಯ ಪ್ರವಾಸಗಳ ಜಾಹೀರಾತಿನಲ್ಲಿ ಲಾಂಡ್ರಿಗೆ ಕೊನೆಯ ಸಾಲಿನಲ್ಲಿ ಜಾಗ. ನೋಡಲು ಮಾತ್ರ ಅತ್ಯಂತ ಸ್ವಾರಸ್ಯದ ಜಾಗ ಇದೇ ಎಂದು ಹೇಳಬೇಕಾಗುತ್ತದೆ. ಸಾವಿರಾರು ಕೋಣೆಗಳ ಹಾಸು-ಹೊದಿಕೆ, ಸ್ನಾನದ ಮತ್ತು ಈಜುಕೊಳದ ಟವೆಲ್ಲು, ಊಟದ ಮೇಜಿನ ಬಟ್ಟೆ, ಅಡುಗೆಯವರ ಬಿಳಿ ಅಂಗಿ ಎಲ್ಲವೂ ಇಲ್ಲಿಗೆ ಬರುತ್ತವೆ. ಯಂತ್ರಗಳು ಹಗಲು ರಾತ್ರಿ ನಿಲ್ಲುವುದಿಲ್ಲ. ದೊಡ್ಡ ಹಡಗುಗಳಲ್ಲಿ ಸುರಂಗದಂತಹ ಒಗೆಯುವ ಯಂತ್ರವಿದ್ದು, ಒಂದು ತುದಿಯಿಂದ ಕೊಳೆ ಬಟ್ಟೆ ಹೊಕ್ಕರೆ ಒಂದೊಂದೇ ಕೋಶ ದಾಟುತ್ತಾ ಸಾಬೂನು, ಜಾಲಾಡಿಕೆ, ಹಿಂಡುವಿಕೆ ಮುಗಿಸಿ ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಮಂಚದ ಹಾಸಿನ ಎರಡು ಮೂಲೆಗಳನ್ನು ಇಬ್ಬರು ಹಿಡಿದು ಬಿಸಿ ಉರುಳೆಗಳ ಬಾಯಿಗೆ ಕೊಟ್ಟರೆ, ಆಚೆ ಬದಿಯಲ್ಲಿ ಅದು ಇಸ್ತ್ರಿಯಾಗಿ, ಮಡಿಕೆಯೂ ಆಗಿ ಬರುತ್ತದೆ. ಹವಾನಿಯಂತ್ರಣ ಯಂತ್ರಗಳಿಂದ ತೊಟ್ಟಿಕ್ಕುವ ನೀರನ್ನು ಕೂಡಿಟ್ಟು ಬಟ್ಟೆ ಒಗೆಯಲು ಬಳಸುವ ಪದ್ಧತಿಯೂ ಇದೆ. ಆ ನೀರಿನಲ್ಲಿ ಉಪ್ಪಾಗಲಿ ಗಡಸುತನವಾಗಲಿ ಇರುವುದಿಲ್ಲ. ಒಣಗಿಸುವ ಯಂತ್ರದಲ್ಲಿ ಕೂಡಿಕೊಳ್ಳುವ ಹತ್ತಿಯ ಜುಂಗು ಬಹಳ ಬೇಗ ಬೆಂಕಿ ಹಿಡಿಯುವಂಥದ್ದು. ಹಾಗಾಗಿ ಅದನ್ನು ಪದೇ ಪದೇ ತೆಗೆಯುವುದು ಇಲ್ಲಿಯವರ ಸುರಕ್ಷತಾ ಕೆಲಸಗಳಲ್ಲೊಂದು.

ಕಸ ಮತ್ತು ಕೊಳಚೆ

ಹಡಗಿನಿಂದ ಸಮುದ್ರಕ್ಕೆ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬುದನ್ನು ‘ಮಾರ್ಪೋಲ್’ ಎಂಬ ಅಂತರರಾಷ್ಟ್ರೀಯ ಒಪ್ಪಂದ ನಿರ್ಧರಿಸುತ್ತದೆ. ಪ್ಲಾಸ್ಟಿಕ್ ಎಲ್ಲಿಯೂ, ಎಷ್ಟೇ ಸಣ್ಣ ತುಂಡಾದರೂ, ಬಿಡುವಂತಿಲ್ಲ. ಆಹಾರದ ಉಳಿಕೆಯನ್ನು 25 ಮಿಲಿಮೀಟರಿಗಿಂತ ಚಿಕ್ಕದಾಗಿ ಅರೆದು, ವಿಶೇಷ ರಕ್ಷಣೆಯಿರುವ ಕೆರೀಬಿಯನ್ ಸಮುದ್ರದಲ್ಲಾದರೆ ದಡದಿಂದ ಕನಿಷ್ಠ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆಗೆ ಮಾತ್ರ ಬಿಡಬಹುದು. ಉಳಿದದ್ದನ್ನು ಕಸದ ಕೋಣೆಯಲ್ಲಿ ಕೈಯಿಂದಲೇ ವಿಂಗಡಿಸುತ್ತಾರೆ: ಗಾಜನ್ನು ಬಣ್ಣವಾರು ಬೇರ್ಪಡಿಸಿ ಪುಡಿ ಮಾಡುವುದು, ಡಬ್ಬಿಗಳನ್ನು ಒತ್ತಿ ಗಟ್ಟಿ ಮಾಡುವುದು, ಸುಡಬಹುದಾದ್ದನ್ನು ಸುಡುವುದು. ಮರುಬಳಕೆಗೆ ಹೋಗುವಂಥದ್ದನ್ನು ಬಂದರಿನಲ್ಲಿ ಇಳಿಸುತ್ತಾರೆ.

ಕೊಳಚೆ ನೀರಿನಲ್ಲಿ ಎರಡು ಬಗೆ. ಸ್ನಾನ, ಕೈತೊಳೆಯುವ ತೊಟ್ಟಿ, ಲಾಂಡ್ರಿಗಳ ನೀರು ಬೂದುನೀರು, ಶೌಚಾಲಯದ್ದು ಕಪ್ಪುನೀರು. ಆಧುನಿಕ ಹಡಗುಗಳಲ್ಲಿ ಸೂಕ್ಷ್ಮಾಣುಗಳಿಂದ ಕೊಳೆಯನ್ನು ಜೀರ್ಣಿಸಿ, ಪೊರೆಗಳಲ್ಲಿ ಸೋಸಿ, ನೇರಳಾತೀತ ಕಿರಣ ಹಾಯಿಸಿ ಶುದ್ಧೀಕರಿಸುವ ಘಟಕಗಳಿವೆ. ಎಂಜಿನ್ ಕೋಣೆಯ ತಳದಲ್ಲಿ ಸಂಗ್ರಹವಾಗುವ ಎಣ್ಣೆ ಬೆರೆತ ನೀರಿಗೆ ಇನ್ನೂ ಕಠಿಣ ನಿಯಮವಿದೆ: ಹತ್ತು ಲಕ್ಷ ಪಾಲಿನಲ್ಲಿ 15 ಪಾಲಿಗಿಂತ ಹೆಚ್ಚು ಎಣ್ಣೆ ಇದ್ದರೆ ಬಿಡುವಂತಿಲ್ಲ.

ನಿಯಮ ಇದ್ದ ಮಾತ್ರಕ್ಕೆ ಪಾಲನೆಯಾಗುತ್ತದೆ ಎನ್ನುವಂತಿಲ್ಲ. ‘ಕೆರೀಬಿಯನ್ ಪ್ರಿನ್ಸೆಸ್’ ಹಡಗಿನಲ್ಲಿ ಶುದ್ಧೀಕರಣ ಯಂತ್ರವನ್ನು ತಪ್ಪಿಸಿ ಎಣ್ಣೆನೀರನ್ನು ನೇರವಾಗಿ ಕಡಲಿಗೆ ಬಿಡಲು ಗುಟ್ಟಾಗಿ ಪೈಪೊಂದನ್ನು ಜೋಡಿಸಲಾಗಿತ್ತು. ಇಂತಹುದಕ್ಕೆ ನಾವಿಕರಲ್ಲಿ ‘ಮ್ಯಾಜಿಕ್ ಪೈಪ್’ ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಎಂಜಿನಿಯರೊಬ್ಬರು 2013ರಲ್ಲಿ ಬ್ರಿಟನ್ನಿನ ಅಧಿಕಾರಿಗಳಿಗೆ ತಿಳಿಸಿದ್ದರಿಂದ ಸಂಗತಿ ಬಯಲಾಯಿತು. 2016ರ ಡಿಸೆಂಬರ್‌ನಲ್ಲಿ ಪ್ರಿನ್ಸೆಸ್ ಕಂಪನಿಯು ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ತೆರೆಮರೆಯ ಪ್ರವಾಸ ಕಂಪನಿಯೇ ಏರ್ಪಡಿಸಿ ತೋರಿಸುವ ನೋಟ ಎಂಬುದನ್ನು ಈ ಪ್ರಕರಣದ ಜೊತೆಗಿಟ್ಟು ನೆನಪಿಟ್ಟುಕೊಳ್ಳಬೇಕು.

ಬ್ರಿಜ್: ಹಡಗು ನಡೆಸುವ ಕೋಣೆ

ಹೆಚ್ಚಿನವರು ದುಡ್ಡು ಕೊಟ್ಟು ಪ್ರವಾಸಕ್ಕೆ ಸೇರುವುದು ಬ್ರಿಜ್ ನೋಡಬೇಕೆಂಬ ಆಸೆಯಿಂದ. ಹಿಂದೆ ಇದನ್ನು ಪ್ರಯಾಣಿಕರಿಗೆ ಸಲೀಸಾಗಿ ತೋರಿಸುವ ರೂಢಿಯಿತ್ತು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ರೂಪುಗೊಂಡು 2004ರ ಜುಲೈ 1ರಂದು ಜಾರಿಗೆ ಬಂದ ಹಡಗು ಮತ್ತು ಬಂದರು ಭದ್ರತಾ ಸಂಹಿತೆಯು ಇಂತಹ ಜಾಗಗಳನ್ನು ನಿರ್ಬಂಧಿತವೆಂದು ಗುರುತಿಸಿತು. ಈಗ ಒಳಹೋಗುವ ಮುನ್ನ ಲೋಹಶೋಧಕದಿಂದ ತಪಾಸಣೆ ನಡೆಯುವುದು ಸಾಮಾನ್ಯ.

ಸಿನಿಮಾಗಳಲ್ಲಿ ಕಾಣುವ ದೊಡ್ಡ ಮರದ ಚಕ್ರ ಇಲ್ಲಿಲ್ಲ. ಅಜಿಪಾಡ್‌ಗಳನ್ನು ತಿರುಗಿಸಲು ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರದ ಹಿಡಿಗಳು, ಕಾಗದದ ನಕ್ಷೆಯ ಬದಲಿಗೆ ವಿದ್ಯುನ್ಮಾನ ನಕ್ಷೆ, ರೇಡಾರ್ ಪರದೆಗಳು ಇವೆ. ಕೋಣೆಯ ಎರಡೂ ತುದಿಗಳು ಹಡಗಿನ ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ, ಇವೇ ಬ್ರಿಜ್‌ನ ರೆಕ್ಕೆಗಳು. ಹಡಗನ್ನು ಧಕ್ಕೆಗೆ, ಅಂದರೆ ಬಂದರಿನಲ್ಲಿ ಹಡಗು ತಂಗುವ ಕಟ್ಟೆಗೆ, ತರುವಾಗ ಕ್ಯಾಪ್ಟನ್ ರೆಕ್ಕೆಯ ತುದಿಗೆ ಬಂದು, ಅಲ್ಲಿರುವ ಇನ್ನೊಂದು ಜೊತೆ ಹಿಡಿಗಳಿಂದ, ಧಕ್ಕೆಗೂ ಹಡಗಿಗೂ ಎಷ್ಟು ಅಂತರವಿದೆ ಎಂಬುದನ್ನು ಕೆಳಗೆ ನೇರವಾಗಿ ನೋಡುತ್ತಲೇ ಹಡಗನ್ನು ಒತ್ತರಿಸುತ್ತಾರೆ. ಕೆಲವು ಹಡಗುಗಳಲ್ಲಿ ಇದಕ್ಕಾಗಿ ನೆಲದಲ್ಲಿಯೇ ಗಾಜು ಕೂಡಿಸಿರುತ್ತಾರೆ. ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳಲು ಮುಂಭಾಗದ ತಳದಲ್ಲಿ ಅಡ್ಡಲಾಗಿ ಕೂರಿಸಿದ ಪ್ರೊಪೆಲ್ಲರ್‌ಗಳಿವೆ, ಓಯಸಿಸ್‌ನಲ್ಲಿ ಅಂಥವು ನಾಲ್ಕು. ಇಷ್ಟು ಎತ್ತರದ ಹಡಗಿಗೆ ಗಾಳಿ ಬೀಸಿದರೆ ಇಡೀ ಪಕ್ಕವೇ ಹಾಯಿಯಂತೆ ವರ್ತಿಸುವುದರಿಂದ ಈ ಬಲ ಬೇಕೇಬೇಕು.

ಪಹರೆಯ ಅಧಿಕಾರಿ ಎಚ್ಚರವಾಗಿದ್ದಾರೆಯೇ ಎಂದು ನೋಡಿಕೊಳ್ಳುವ ಯಂತ್ರವೊಂದು ಇಲ್ಲಿದೆ. ಅಧಿಕಾರಿಯ ಚಲನವಲನ ತಿಳಿಯದಿದ್ದರೆ, ಕೆಲವು ನಿಮಿಷಗಳಿಗೊಮ್ಮೆ ಗುಂಡಿ ಒತ್ತದಿದ್ದರೆ ಮೊದಲು ದೀಪ ಮಿನುಗುತ್ತದೆ, ಬಳಿಕ ಬ್ರಿಜ್‌ನಲ್ಲಿ ಸದ್ದಾಗುತ್ತದೆ, ಆಗಲೂ ಉತ್ತರವಿಲ್ಲದಿದ್ದರೆ ಇತರ ಅಧಿಕಾರಿಗಳ ಕೋಣೆಗಳಲ್ಲಿ ಗಂಟೆ ಬಾರಿಸುತ್ತದೆ. ಯಂತ್ರ ಇಷ್ಟು ಮಾಡಿದರೂ ಮನುಷ್ಯನ ನಿರ್ಧಾರ ಕೆಟ್ಟರೆ ಅಪಘಾತ ತಪ್ಪುವುದಿಲ್ಲ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ದಡಕ್ಕೆ ತೀರ ಹತ್ತಿರ ಹೋದ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿ 32 ಜನ ಸತ್ತರು. ಅಂದೇ ಹಡಗು ಹತ್ತಿದ್ದ ಹಲವರಿಗೆ ಸುರಕ್ಷತಾ ತಾಲೀಮು ಆಗಿರಲಿಲ್ಲ; ಆಗಿನ ನಿಯಮ 24 ಗಂಟೆಗಳ ಅವಕಾಶ ಕೊಡುತ್ತಿತ್ತು. ಹಡಗು ಹೊರಡುವ ಮುನ್ನ ಅಥವಾ ಹೊರಟೊಡನೆಯೇ ತಾಲೀಮು ಮುಗಿಯಬೇಕೆಂಬ ಇಂದಿನ ನಿಯಮ 2015ರಿಂದ ಜಾರಿಯಲ್ಲಿದೆ.

ಪ್ರವಾಸದಲ್ಲಿ ತೋರಿಸದ ಜಾಗಗಳು

ಪ್ರತಿ ದೊಡ್ಡ ಹಡಗಿನಲ್ಲಿಯೂ ತುರ್ತು ಚಿಕಿತ್ಸೆಯ ಆಸ್ಪತ್ರೆ, ಚಿಕ್ಕ ಶವಾಗಾರ, ಗಲಾಟೆ ಮಾಡಿದವರನ್ನು ಕೂಡಿಹಾಕುವ ಕೋಣೆ ಇರುತ್ತವೆ. ಪ್ರವಾಸದವರು ಅತ್ತ ಸುಳಿಯುವುದಿಲ್ಲ. ಸಿಬ್ಬಂದಿಯ ವಾಸದ ಕೋಣೆಗಳನ್ನೂ ಸಾಮಾನ್ಯವಾಗಿ ತೋರಿಸುವುದಿಲ್ಲ, ಅವು ಅವರ ಮನೆಗಳು ಎಂಬ ಕಾರಣಕ್ಕೆ. ಕೆಳಗಿನ ಡೆಕ್ಕುಗಳಲ್ಲಿ ಕಿಟಕಿಯಿಲ್ಲದ, ಒಂದರ ಮೇಲೊಂದು ಮಂಚವಿರುವ ಕೋಣೆಯಲ್ಲಿ ಇಬ್ಬರು ಹಂಚಿಕೊಂಡಿರುವುದು ಸಾಮಾನ್ಯ. ಒಪ್ಪಂದದ ಅವಧಿ ಹೆಚ್ಚಾಗಿ ಆರರಿಂದ ಒಂಬತ್ತು ತಿಂಗಳು. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳಂತೆ ಭಾರತದಿಂದಲೂ ಬಹಳ ಜನ ಈ ಕೆಲಸದಲ್ಲಿದ್ದಾರೆ. ಗೋವಾ, ಮಂಗಳೂರು ಕಡೆಯ ಊರುಗಳಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಕೇಳದ ಬೀದಿ ಕಡಿಮೆ. ಅಂತಲೇ ಸಿಬ್ಬಂದಿಯ ಮೆಸ್‌ನಲ್ಲಿ ಅನ್ನ-ಸಾರಿನ ಪಾತ್ರೆಗೂ ಜಾಗವಿದೆ.

ದುಡಿಮೆಯ ಹೊತ್ತಿಗೆ ಮಿತಿ ಹಾಕಿರುವುದು 2006ರ ಕಡಲ ಕಾರ್ಮಿಕ ಒಪ್ಪಂದ. ಅದು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದಕ್ಕೆ ಸೇರಿತು. ವಿಶ್ರಾಂತಿಯ ಲೆಕ್ಕ ಹಿಡಿದರೆ, ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ಬಿಡುವು ಸಿಗಬೇಕು. ವಾರದ ರಜೆ ಎಂಬುದು ಹಡಗಿನ ಹೋಟೆಲ್ ವಿಭಾಗದಲ್ಲಿ ರೂಢಿಯಲ್ಲಿಲ್ಲ. ಮೇಜು ಒರೆಸುವವರಿಂದ ಹಿಡಿದು ನಾಟಕದ ನಟರವರೆಗೆ ಪ್ರತಿಯೊಬ್ಬರಿಗೂ ತುರ್ತು ಹೊತ್ತಿನ ಇನ್ನೊಂದು ಹೊಣೆ ಗೊತ್ತುಮಾಡಿರುತ್ತದೆ: ಮೆಟ್ಟಿಲ ಬಳಿ ದಾರಿ ತೋರಿಸುವುದು, ಬೆಂಕಿ ಆರಿಸುವ ತಂಡಕ್ಕೆ ಸೇರುವುದು, ಜೀವರಕ್ಷಕ ದೋಣಿಗೆ ಜನರನ್ನು ಹತ್ತಿಸುವುದು. ಗಾಬರಿ ಹಬ್ಬಿಸದಿರಲು ಧ್ವನಿವರ್ಧಕದಲ್ಲಿ ಸಂಕೇತಗಳನ್ನು ಬಳಸುತ್ತಾರೆ. ರಾಯಲ್ ಕೆರೀಬಿಯನ್‌ನಲ್ಲಿ ‘ಆಲ್ಫಾ’ ಎಂದರೆ ಯಾರಿಗೋ ಆರೋಗ್ಯ ಕೆಟ್ಟಿದೆ, ‘ಬ್ರಾವೊ’ ಎಂದರೆ ಬೆಂಕಿ, ‘ಆಸ್ಕರ್’ ಎಂದರೆ ಯಾರೋ ನೀರಿಗೆ ಬಿದ್ದಿದ್ದಾರೆ. ಬೇರೆ ಕಂಪನಿಗಳಲ್ಲಿ ಪದಗಳು ಬೇರೆ ಇರಬಹುದು.

ಹೋಗಬಯಸುವವರಿಗೆ

ರಾಯಲ್ ಕೆರೀಬಿಯನ್, ಪ್ರಿನ್ಸೆಸ್, ಕಾರ್ನಿವಲ್ ಮೊದಲಾದ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಈ ಪ್ರವಾಸವನ್ನು ನಡೆಸುತ್ತವೆ. ಶುಲ್ಕ ಹಡಗಿನಿಂದ ಹಡಗಿಗೆ ಬೇರೆಯಾದರೂ ಅಗ್ಗವಲ್ಲ, ನೂರು ಡಾಲರ್ ದಾಟುವುದೇ ಹೆಚ್ಚು. ಗುಂಪು ಚಿಕ್ಕದು, ಹಾಗಾಗಿ ಹಡಗು ಹತ್ತಿದ ಮೊದಲ ದಿನವೇ ಅಥವಾ ಮುಂಗಡ ಕಾಯ್ದಿರಿಸುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ ಬಂದರಿನಲ್ಲಿ ನಿಲ್ಲದೆ ಸಾಗುವ ದಿನದಂದು, ಕೆಲವು ಗಂಟೆಗಳ ಕಾಲ ನಡೆಯುತ್ತದೆ. ಕಡಿದಾದ ಮೆಟ್ಟಿಲುಗಳನ್ನು ಹತ್ತಿಳಿಯಬೇಕಾದ್ದರಿಂದ ಬೆರಳು ಮುಚ್ಚುವ ಬೂಟು ಕಡ್ಡಾಯ. ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ. ಬ್ರಿಜ್ ಮತ್ತು ಎಂಜಿನ್ ಕಂಟ್ರೋಲ್ ರೂಮ್‌ಗಳಲ್ಲಿ ಫೋಟೋ ತೆಗೆಯುವಂತಿಲ್ಲ. ಹವೆ ಕೆಟ್ಟರೆ ಬ್ರಿಜ್ ಭೇಟಿಯನ್ನು ಕೈಬಿಡುವ ಅಧಿಕಾರ ಕ್ಯಾಪ್ಟನ್‌ಗಿದೆ. ನವಮಂಗಳೂರಿಗೆ ಬರುವ ವಿದೇಶಿ ಹಡಗನ್ನು ಧಕ್ಕೆಯಿಂದ ಹತ್ತಿ ನೋಡಿಬರುತ್ತೇನೆಂದರೆ ಸಾಧ್ಯವಾಗದು. ಅದೇ ಭದ್ರತಾ ಸಂಹಿತೆಯ ಪ್ರಕಾರ ಪ್ರಯಾಣಿಕರಲ್ಲದವರಿಗೆ ಅನುಮತಿಯಿಲ್ಲದೆ ಒಳಗೆ ಕಾಲಿಡಲು ಅವಕಾಶವಿಲ್ಲ.